ಮಾತ್ರೆ ನುಂಗಿದ ಮೇಲೆ ಮೈಮೇಲೆ ದದ್ದು ಎದ್ದರೆ



ದೊಡ್ಡಬಳ್ಳಾಪುರದಲ್ಲಿ ದಿನವೆಲ್ಲ ಮಗ್ಗದ ಮುಂದೆ ನಿಂತರೆ ಕಾಲು ಸೋಲುತ್ತೆ. ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ ದುಡಿದರೆ ಸೊಂಟ ಹಿಡಿಯುತ್ತೆ. ಆಗ ನಾವು ಏನು ಮಾಡ್ತೀವಿ? ಅಂಗಡಿಗೆ ಹೋಗಿ "ನೋವಿನ ಮಾತ್ರೆ ಕೊಡಪ್ಪ" ಅಂತೀವಿ. ಬಿಡಿ ಮಾತ್ರೆ ಎರಡು ಸಿಗುತ್ತೆ. ಅದರ ಹೆಸರು ಕೇಳೋದಿಲ್ಲ. ನುಂಗಿ ಮಲಗ್ತೀವಿ.

ಕೆಲವರಿಗೆ ಆ ಮಾತ್ರೆ ಒಗ್ಗೋದಿಲ್ಲ. ಮೈಯೆಲ್ಲ ಕೆಂಪು ದದ್ದು ಏಳುತ್ತೆ. ನವೆ ತಡೆಯೋಕಾಗಲ್ಲ. "ಪಿತ್ತದ ಗಂಧೆ" ಅಂತ ಕಂಬಳಿ ಹೊದಿಸ್ತೀವಿ. ಮಗುವಿಗಾದರೆ "ಅಮ್ಮ ಬಂದಿದ್ದಾಳೆ" ಅಂತೀವಿ. ಮಾತ್ರೆಯ ನೆನಪೇ ಬರೋದಿಲ್ಲ.

ದದ್ದಿಗೆ ಕಾರಣ ಹಲವು. ದಡಾರವಾದರೆ ಮೊದಲು ಜ್ವರ, ಕೆಮ್ಮು, ನೆಗಡಿ ಬರುತ್ತೆ. ಕಣ್ಣು ಕೆಂಪಾಗುತ್ತೆ. ಮೂರು ನಾಲ್ಕು ದಿನದ ಮೇಲೆ ಮುಖದಿಂದ ದದ್ದು ಶುರುವಾಗುತ್ತೆ. ಇದನ್ನು ತಡೆಯಲು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚುಚ್ಚುಮದ್ದು ಇದೆ. ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು ಹಾಕಿಸಬೇಕು.

ಮಾತ್ರೆಯ ದದ್ದು ಬೇರೆ. ಕೆಲವರಿಗೆ ನುಂಗಿದ ಒಂದು ಗಂಟೆಯಲ್ಲೇ ಬರುತ್ತೆ. ಕೆಲವರಿಗೆ ಒಂದೆರಡು ವಾರ ಕಳೆದು ಬರುತ್ತೆ. ನೋವಿನ ಮಾತ್ರೆ, ಪೆನಿಸಿಲಿನ್, ಸಲ್ಫಾ, ಮೂರ್ಛೆರೋಗದ ಮಾತ್ರೆ, ಇವುಗಳಿಂದ ಬರಬಹುದು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದೆ ಇರಬಹುದು. ಅದಕ್ಕೇ ಅಕ್ಕನ ಮಾತ್ರೆಯನ್ನು ತಂಗಿ ನುಂಗಬಾರದು.

ದದ್ದು ಕಂಡ ದಿನವೇ ಆಸ್ಪತ್ರೆಗೆ ಹೋಗೋಣ. ನುಂಗಿದ ಮಾತ್ರೆಯನ್ನು ಡಾಕ್ಟರಿಗೆ ತೋರಿಸೋಣ. ಕ್ಷಯದ ಮಾತ್ರೆ, ಮೂರ್ಛೆರೋಗದ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನಾವಾಗಿಯೇ ಬಿಡಬಾರದು. ಆದರೆ ಬಾಯಲ್ಲಿ ಹುಣ್ಣಾದರೆ, ಕಣ್ಣು ಉರಿದು ಕೆಂಪಾದರೆ, ಚರ್ಮ ಸುಲಿದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಜೀವಕ್ಕೇ ಅಪಾಯ. ಮುಂದಿನ ಮಾತ್ರೆ ನುಂಗಬಾರದು. ತಡ ಮಾಡದೆ 108ಕ್ಕೆ ಫೋನ್ ಮಾಡಬೇಕು.

ಈಗ ನಮಗೆ ಅಕ್ಷರ ಬಂದಿದೆ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ ಇರುತ್ತೆ, ನಿಜ. "ಓದಿ ಹೇಳಪ್ಪ" ಅನ್ನೋಣ. ಕನ್ನಡದಲ್ಲಿ ಬರೆದುಕೊಳ್ಳೋಣ. ಯಾವ ಮಾತ್ರೆ ಒಗ್ಗೋದಿಲ್ಲ ಅಂತ ಡಾಕ್ಟರು ಹೇಳ್ತಾರೋ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಆಸ್ಪತ್ರೆ ಕಾರ್ಡಿನ ಜೊತೆ ಇಡೋಣ. ಜ್ವರಕ್ಕೆ ಹೋಗಲಿ, ಹೆರಿಗೆಗೆ ಹೋಗಲಿ, ಆ ಚೀಟಿಯನ್ನು ಮೊದಲು ತೋರಿಸೋಣ. ನಾವೇ ಬರೆದ ಆ ಒಂದು ಸಾಲು ನಮ್ಮ ಜೀವ ಕಾಯುತ್ತೆ.