ಕಂಪಿಲಿಯ ಹನ್ನೊಂದು ಮಕ್ಕಳು



ಕಂಪಿಲಿಯ ಅರಸ ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಹೊಸಪೇಟೆಯ ಸಭೆಗೆ ಮೊದಲಿನಿಂದ ಹೇಳಬೇಕಾಗಿಲ್ಲ. ಸಂಡೂರಿನ ಬೆಟ್ಟಗಳಿಗೂ ಕಂಪ್ಲಿಯ ಬಯಲಿಗೂ ಅವನು ಮನೆಯ ಮಗನೇ. ರಣದಲ್ಲಿ ಮಡಿದವನನ್ನು ದೇವರೆಂದು ಪೂಜಿಸಿದೆವು. ಮಡಿಯದೆ ಸೆರೆಯಾದವರ ಮಾತನ್ನು ನಾನಿಂದು ಆಡಬಯಸುತ್ತೇನೆ.

1327ರಲ್ಲಿ, ದೆಹಲಿಯ ಸುಲ್ತಾನನ ಮೇಲೆ ದಂಗೆಯೆದ್ದು ಶರಣು ಬಂದ ಬಹಾವುದ್ದೀನನನ್ನು ಒಪ್ಪಿಸಲೊಲ್ಲದೆ ಕಂಪಿಲರಾಯನು ದೆಹಲಿಯ ಸೈನ್ಯಕ್ಕೆದುರಾಗಿ ಅಳಿದ ತರುವಾಯ, ಅವನ ಹನ್ನೊಂದು ಮಂದಿ ಗಂಡುಮಕ್ಕಳನ್ನು ಸುಲ್ತಾನನ ಬಳಿಗೊಯ್ದು, ಮತಾಂತರಗೊಳಿಸಿ, ಅಮೀರರ ಪದವಿಯಿತ್ತರೆಂದು ಪ್ರವಾಸಿ ಇಬ್ನ್ ಬತೂತನು ಬರೆದಿದ್ದಾನೆ. ಮೂವರನ್ನು ಆತ ಕಣ್ಣಾರೆ ಕಂಡಿದ್ದನು, ಒಬ್ಬನೊಡನೆ ಸ್ನೇಹವೂ ಇದ್ದಿತು. ಅವರು ಎಳೆಯರೋ ಬೆಳೆದವರೋ ಆತ ಹೇಳುವುದಿಲ್ಲ. ತಂದೆಯನ್ನು ಕೊಲ್ಲಿಸಿದವನ ಕೈಯಿಂದಲೇ ಅನ್ನವನ್ನೂ ಮರ್ಯಾದೆಯನ್ನೂ ಪಡೆದು ಬದುಕಿದ ಆ ಮನಸ್ಸುಗಳು ಹೇಗಿದ್ದುವು?

ಈ ಪ್ರಶ್ನೆಯನ್ನು ನನ್ನಲ್ಲಿ ಬಿತ್ತಿದವರು ನನಗೆ ಇತಿಹಾಸ ಕಲಿಸಿದ ಮೇಷ್ಟ್ರು. ವಿರೂಪಾಕ್ಷನ ರಥಬೀದಿಯಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ, ಹರಿಹರ-ಬುಕ್ಕರು ಕಂಪಿಲಿಯಿಂದ ಸೆರೆಯೊಯ್ಯಲ್ಪಟ್ಟು, ಮತಾಂತರಗೊಂಡು, ಮರಳಿ ಬಂದು ವಿದ್ಯಾರಣ್ಯರ ಅನುಗ್ರಹದಿಂದ ಸ್ವಧರ್ಮವನ್ನು ಸೇರಿದರೆಂಬ ಕಥೆಯನ್ನು ಹೇಳುವಾಗ, ಆ ಸಹೋದರರು ವಿಜಯನಗರ ಕಟ್ಟಿದ 1336ಕ್ಕೆ ಬರುವ ಮುನ್ನವೇ ಅವರ ದನಿ ನಿಂತುಬಿಡುತ್ತಿತ್ತು.

ಈ ಕಥೆಯ ಸತ್ಯಾಸತ್ಯತೆಯ ವಿಷಯದಲ್ಲಿ ವಿದ್ವಾಂಸರ ಜಗಳ ಹಳೆಯದು. ವೆಂಕಟರಮಣಯ್ಯನವರು ಸೆರೆಯ ವೃತ್ತಾಂತವನ್ನು ಎತ್ತಿಹಿಡಿದರು. ಹೆರಾಸ್ ಪಾದ್ರಿಗಳೂ ಸಾಲೆತ್ತೂರರೂ ಹರಿಹರ-ಬುಕ್ಕರೆಂಬ ಈ ಸಂಗಮ ಸಹೋದರರನ್ನು ಹೊಯ್ಸಳರ ನೆಲಕ್ಕೆ ಸೇರಿಸಿದರು. ಸುಲ್ತಾನನು ಕಂಪಿಲಿಗೆ ಕಳುಹಿದ ಮತಾಂತರಿತನೊಬ್ಬನು ಹಳೆಯ ಧರ್ಮಕ್ಕೆ ತಿರುಗಿ ದಂಗೆಯೆದ್ದನೆಂದು ಚರಿತ್ರೆಕಾರ ಬರನಿ ಬರೆದುದು ಸೆರೆಯ ವೃತ್ತಾಂತಕ್ಕೆ ಸಿಕ್ಕಿರುವ ಆಧಾರದ ಒಂದು ಎಳೆ. ಶಾಸನಗಳನ್ನು ಓದುವಾಗ ನಾನು ಸಾಲೆತ್ತೂರರ ಕಡೆ. ಮೇಷ್ಟ್ರನ್ನು ನೆನೆದಾಗ ಆ ಕಡೆ ನಿಲ್ಲಲಾರೆ. ಆದರೆ ಸೆರೆಹೋದವನನ್ನು ಊರು ಹೇಗೆ ಬರಮಾಡಿಕೊಂಡಿತೆಂದು ಈ ಜಗಳದಲ್ಲಿ ಯಾರೂ ಕೇಳಲಿಲ್ಲವೆಂಬುದು ನನ್ನ ವ್ಯಥೆ.

ಆ ಪ್ರಶ್ನೆ ನಮ್ಮ ಕಾಲದ್ದೂ ಹೌದು. ಉಗಾಂಡಾದ ಉತ್ತರದಲ್ಲಿ, ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆಯವರು ಕದ್ದೊಯ್ದು ಬಂದೂಕು ಹೊರಿಸಿದ ಮಕ್ಕಳು ತಪ್ಪಿಸಿಕೊಂಡು ಬಂದಾಗ, ಅಚೋಲಿ ಜನರು ಅವರಿಂದ ಹಸಿ ಮೊಟ್ಟೆಯನ್ನು ತುಳಿಸಿ ಮನೆಯೊಳಕ್ಕೆ ಕರೆದುಕೊಳ್ಳುತ್ತಿದ್ದರು. ಹದಿನೆಂಟು ತುಂಬದವರನ್ನು ಬಲಾತ್ಕಾರದಿಂದ ಸೈನ್ಯಕ್ಕೆ ಸೇರಿಸಕೂಡದೆಂದು ವಿಶ್ವಸಂಸ್ಥೆಯು 2000ದಲ್ಲಿ ಒಡಂಬಡಿಕೆ ಮಾಡಿತು. ಆದರೆ ಮಗ್ಗುಲ ಮನೆಯವನನ್ನೇ ಕೊಂದು ಬಂದ ಹುಡುಗನನ್ನು ಆ ಮಗ್ಗುಲ ಮನೆಯ ತಾಯಿ ನೋಡುವ ನೋಟಕ್ಕೆ ಒಡಂಬಡಿಕೆಯುಂಟೆ? ಮೊಟ್ಟೆಯೊಂದು ಸಾಕಾಗುವುದೆ? ವಿದ್ಯಾರಣ್ಯರಂಥವರೊಬ್ಬರು ಕೈಹಿಡಿದರೆ ಸಾಕೆ, ಊರೆಲ್ಲ ಹಿಡಿಯಬೇಕೆ?

ಬತೂತನು ಕಂಡ ಆ ಮೂವರಲ್ಲೊಬ್ಬನು, ರಾಜ್ಯ ಕಟ್ಟುವ ಶಕ್ತಿಯಿಲ್ಲದ ಬರಿಯ ಮನುಷ್ಯನಾಗಿ, ಕಂಪ್ಲಿಯ ಹೊಳೆ ದಾಟಿ ಬಂದಿದ್ದರೆ, ಅವನ ಕಾಲಿಗೆ ನೀರು ಕೊಡುತ್ತಿದ್ದೆವೆ?