ಕೋಠಿಯಿಂದ ಕಟ್ಟಳೆಗೆ: ಯುರೋಪಿನ ಬದಲಾದ ಪಾತ್ರ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಯುರೋಪನ್ನು ಅರಿಯಲು ನಾವು ಕಡಲು ದಾಟಬೇಕಾಗಿಲ್ಲ. ಸೂರತ್ತಿನಲ್ಲಿರುವ ಇಂಗ್ಲಿಷರ ಮತ್ತು ಡಚ್ಚರ ಹಳೆಯ ಗೋರಿಗಳನ್ನು ನೋಡಿದರೆ ಸಾಕು. ವ್ಯಾಪಾರದಲ್ಲಿ ಪೈಪೋಟಿ ನಡೆಸಿದವರು ಗುಮ್ಮಟಗಳ ವೈಭವದಲ್ಲಿಯೂ ಪೈಪೋಟಿ ನಡೆಸಿರುವುದು ಕಾಣುತ್ತದೆ. ಜಹಾಂಗೀರನ ಅಪ್ಪಣೆ ಪಡೆದು 1613ರಲ್ಲಿ ಇಂಗ್ಲಿಷರು ಅಲ್ಲಿ ಕೋಠಿ ತೆರೆದರು. ಮುಂದೆ ನಮ್ಮ ಕಾರವಾರದ ಕೋಠಿಯೂ ಸೂರತ್ತಿನ ಆಜ್ಞೆಗೆ ಒಳಪಟ್ಟಿತು. ಘಟ್ಟದ ಕಾಳುಮೆಣಸೂ ಹುಬ್ಬಳ್ಳಿಯ ಬಟ್ಟೆಯೂ ಆ ಕೋಠಿಯ ಮೂಲಕ ಹಡಗನ್ನೇರಿದವು. ಆದುದರಿಂದ ಈ ಊರಿನ ಚರಿತ್ರೆ ನಮಗೆ ಪರಕೀಯವಲ್ಲ.

ಅದಕ್ಕೂ ಮೊದಲು, 16ನೆಯ ಶತಮಾನದಲ್ಲಿ, ಪೋರ್ಚುಗೀಸರು 'ಕಾರ್ತಾಜ್' ಎಂಬ ರಹದಾರಿಯನ್ನು ಜಾರಿಗೆ ತಂದಿದ್ದರು. ಗುಜರಾತಿನ ವರ್ತಕನು ತನ್ನದೇ ಕಡಲಿನಲ್ಲಿ ಓಡಾಡಲು ಪರರ ಚೀಟಿ ಹೊಂದಿರಬೇಕಾಗಿತ್ತು. ಇಲ್ಲವಾದರೆ ಹಡಗು ಸೂರೆಯಾಗುತ್ತಿತ್ತು. ಆ ಚೀಟಿಯ ಬೆನ್ನಿಗೆ ಫಿರಂಗಿ ಇತ್ತು.

ಎರಡು ಮಹಾಯುದ್ಧಗಳು ಆ ಫಿರಂಗಿಯ ಬಲವನ್ನು ಕುಗ್ಗಿಸಿದವು. 1956ರ ಸೂಯೆಜ್ ಪ್ರಕರಣದಲ್ಲಿ ಬ್ರಿಟನ್ನೂ ಫ್ರಾನ್ಸೂ ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆ ಸರಿದವು. ಮರುವರ್ಷವೇ ರೋಮ್ ಒಪ್ಪಂದದಿಂದ ಆರು ದೇಶಗಳು ಒಂದು ಮಾರುಕಟ್ಟೆಯಾಗಿ ಕೂಡಿದವು. ಅಂದಿನಿಂದ ಯುರೋಪಿನ ಬಲವು ಬಹುಮಟ್ಟಿಗೆ ಆ ಮಾರುಕಟ್ಟೆಯಲ್ಲಿಯೂ ಅದು ವಿಧಿಸುವ ಕಟ್ಟಳೆಗಳಲ್ಲಿಯೂ ನೆಲೆಸಿದೆ.

ಈ ಬಲದ ಪರಿಣಾಮವನ್ನು ಸೂರತ್ತಿನ ವರಾಛಾ ಬಡಾವಣೆಯಲ್ಲಿ ಕಾಣಬಹುದು. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಹೊಳಪು ಪಡೆಯುವುದು ಸೂರತ್ತಿನಲ್ಲಿ. ಕಚ್ಚಾ ವಜ್ರದಲ್ಲಿ ಸುಮಾರು ಮೂರನೆಯ ಒಂದು ಪಾಲು ರಷ್ಯದ್ದು. ಉಕ್ರೇನಿನ ಮೇಲೆ ರಷ್ಯ 2022ರಲ್ಲಿ ದಾಳಿ ಮಾಡಿತು. ಐರೋಪ್ಯ ಒಕ್ಕೂಟವು 2024ರ ಜನವರಿ 1ರಿಂದ ರಷ್ಯದ ವಜ್ರವನ್ನು ನಿಷೇಧಿಸಿತು. ಮಾರ್ಚ್ 1ರಿಂದ, ಅನ್ಯದೇಶಗಳಲ್ಲಿ ಹೊಳಪು ಮಾಡಿದ ಒಂದು ಕ್ಯಾರೆಟ್ ಹಾಗೂ ಅದಕ್ಕೆ ಮೇಲ್ಪಟ್ಟ ರಷ್ಯದ ಹರಳಿಗೂ ಬಾಗಿಲು ಮುಚ್ಚಿತು. ಸೆಪ್ಟೆಂಬರಿನಲ್ಲಿ ಆ ಮಿತಿ ಅರ್ಧ ಕ್ಯಾರೆಟ್ಟಿಗೆ ಇಳಿಯಿತು. ಇಲ್ಲಿ 'ರತ್ನಕಲಾಕಾರ' ಎಂದು ಗೌರವದಿಂದ ಕರೆಯಲ್ಪಡುವ ಕುಶಲಕರ್ಮಿಯ ಕೂಲಿ ಕುಗ್ಗಿದುದಕ್ಕೆ ಇದೊಂದೇ ಕಾರಣವಲ್ಲ. ಕೃತಕ ವಜ್ರವೂ ಚೀನದ ಬೇಡಿಕೆ ಇಳಿದುದೂ ಕಾರಣಗಳೇ. ಆದರೆ ಬ್ರಸೆಲ್ಸಿನ ತೀರ್ಮಾನ ಅವನ ಹೆಗಲಿನ ಹೊರೆಯನ್ನು ಹೆಚ್ಚಿಸಿತೆಂಬುದು ನಿಶ್ಚಯ.

ಇದನ್ನು ಹೊಸ ಕಾರ್ತಾಜ್ ಎನ್ನೋಣವೆ? ಪೂರ್ತಿಯಾಗಿ ಹಾಗೆನ್ನಲಾರೆ. ಅಂದಿನ ಚೀಟಿ ಬರಿಯ ದೋಚಿಕೆ; ಇಂದಿನ ನಿಷೇಧದ ಹಿಂದೆ ಆಕ್ರಮಣಕ್ಕೊಳಗಾದ ನಾಡಿನ ನೋವಿದೆ. ಆದರೆ ಅದೇ ಯುರೋಪು ಯುದ್ಧಾರಂಭದ ಬಳಿಕವೂ ರಷ್ಯದ ದ್ರವೀಕೃತ ಅನಿಲವನ್ನು ವರ್ಷಗಟ್ಟಲೆ ಕೊಂಡಿತು. ತನ್ನ ಮನೆಯ ಒಲೆಗೆ ವಿನಾಯಿತಿಯನ್ನೂ ಪರರ ಒಲೆಗೆ ನೀತಿಯನ್ನೂ ವಿಧಿಸುವವರ ನೀತಿಯಲ್ಲಿ ಬಲ ಉಳಿಯುವುದು ಹೇಗೆ?

ಯುರೋಪಿನ ಇನ್ನೊಂದು ಮುಖ ವಡೋದರದಲ್ಲಿದೆ. 2024ರ ಅಕ್ಟೋಬರ್ 28ರಂದು ಸ್ಪೇನಿನ ಪ್ರಧಾನಿ ಪೆದ್ರೊ ಸಾಂಚೆಸರೂ ನಮ್ಮ ಪ್ರಧಾನಿಯವರೂ ಅಲ್ಲಿ ಸಿ-295 ವಿಮಾನಗಳ ಕಾರ್ಖಾನೆಯನ್ನು ಉದ್ಘಾಟಿಸಿದರು. ಒಟ್ಟು 56 ವಿಮಾನಗಳಲ್ಲಿ 16 ಸ್ಪೇನಿನಿಂದ ಬರುವುವೆಂದೂ 40 ವಡೋದರದಲ್ಲಿಯೇ ತಯಾರಾಗಬೇಕೆಂದೂ ಒಪ್ಪಂದವಾಗಿತ್ತು. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿ 1861ರಲ್ಲಿ ಓಡಿದಾಗಲೂ ಯಂತ್ರ ಇಂಗ್ಲೆಂಡಿನದು, ಸಾಹಸ ರಣಛೋಡಲಾಲ್ ಛೋಟಾಲಾಲರದು. ಕಲಿಯುವ ಛಲವಿದ್ದರೆ ಪರರ ಯಂತ್ರವೂ ನಮ್ಮ ವಿದ್ಯೆಯಾಗುತ್ತದೆ.

ಯುರೋಪಿಗೂ ಇಂದು ಗೆಳೆಯರು ಬೇಕಾಗಿದ್ದಾರೆ. ಅಮೆರಿಕದ ಆಸರೆ ಸಂದೇಹಾಸ್ಪದವಾದಾಗ, 2025ರ ಹೇಗ್ ಸಮಾವೇಶದಲ್ಲಿ ನ್ಯಾಟೊ ರಾಷ್ಟ್ರಗಳು 2035ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನದ ಶೇಕಡ 5ನ್ನು ರಕ್ಷಣೆಗೆ ಮೀಸಲಿಡಲು ಒಪ್ಪಿದವು. 2007ರಲ್ಲಿ ಮೊದಲಾಗಿ ನಡುವೆ ನಿಂತುಹೋಗಿದ್ದ ಭಾರತ-ಐರೋಪ್ಯ ವ್ಯಾಪಾರದ ಮಾತುಕತೆ ಮುಗಿಯಿತೆಂದು 2026ರ ಜನವರಿ 27ರಂದು ಸಾರಲಾಯಿತು.

ಕೋಠಿಯ ಕಾಲದಲ್ಲಿ ನಾವು ಬೇಡುವವರ ಅರ್ಜಿಯನ್ನಷ್ಟೇ ನೋಡಿದೆವು, ಅವರ ಉದ್ದೇಶವನ್ನು ನೋಡಲಿಲ್ಲ. ಇಂದು ಕಟ್ಟಳೆಗಳು ಬರೆಯಲ್ಪಡುವಾಗ ಆ ಮೇಜಿನ ಬಳಿ ವರಾಛಾದ ಕುಶಲಕರ್ಮಿಯ ಪರವಾಗಿ ಮಾತನಾಡುವವರು ಇರಬೇಕು. ಅವನು ನಮ್ಮ ನೆರೆಯವನು. ಅವನ ನುಡಿ ಬೇರೆಯಾದರೂ ಅನ್ನದ ಚಿಂತೆ ಬೇರೆಯಲ್ಲ. ಹೊರನಾಡ ಕನ್ನಡಿಗರಾದ ನಾವು ಇಷ್ಟನ್ನಾದರೂ ನೆನಪಿಡಬೇಕೆಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.