ಹಳೆಯ ಮೋಟಾರಿನ ಹೊಗೆಕೊಳವೆ



ಎತ್ತಿನ ಲಾಳ ಸವೆದರೆ ತಡಮಾಡದೆ ಕಟ್ಟಿಸುತ್ತೇವೆ. ಮನೆಯ ಹಳೆಯ ಕಾರಿನ ಸೈಲೆನ್ಸರ್ ತೂತುಬಿದ್ದು ಸದ್ದು ಮಾಡಿದರೆ ಮಾತ್ರ, "ಇರಲಿ, ಕಬ್ಬಿನ ಬಿಲ್ಲು ಬಂದಮೇಲೆ ನೋಡೋಣ" ಎನ್ನುತ್ತೇವೆ. ಇದು ಅಪಾಯದ ಮಾತು.

ಸದ್ದು ಕಿವಿಗೆ ಕೇಳುತ್ತದೆ. ಆದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತೂತಿನಿಂದ ಹೊರಟ ಅದು ತಳದ ಸಂದಿಯಿಂದ ಒಳಗೆ ಸೇರುತ್ತದೆ. ಗೋಕಾಕಿನಿಂದ ಬರುವಾಗ ಮಕ್ಕಳಿಗೆ ತಲೆನೋವು, ವಾಂತಿ ಬಂದರೆ, "ಮೋಟಾರು ಆಗಿಬರುವುದಿಲ್ಲ" ಎಂದು ಸುಮ್ಮನಾಗಬೇಡಿರಿ. ಕೂಡಲೇ ಗಾಡಿ ನಿಲ್ಲಿಸಿ ಎಲ್ಲರನ್ನೂ ಬಯಲುಗಾಳಿಗೆ ಇಳಿಸಿರಿ, ಆಸ್ಪತ್ರೆಗೆ ತೋರಿಸಿರಿ. ಈ ವಾಯು ಹೆಚ್ಚಾದರೆ ಎಚ್ಚರ ತಪ್ಪಿ ಪ್ರಾಣವೇ ಹೋಗುವುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಲೇಕೂಡದು.

ಕೊಳವೆ ಏಕೆ ತುಕ್ಕು ಹಿಡಿಯುತ್ತದೆ? ಪೆಟ್ರೋಲು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಮನೆಯಿಂದ ಘಟಪ್ರಭಾ ಸ್ಟೇಶನ್ನಿಗೆ, ಅಲ್ಲಿಂದ ಮನೆಗೆ, ಹೀಗೆ ಸಣ್ಣ ಓಡಾಟವೇ ಆದರೆ ಕೊಳವೆ ಪೂರ್ತಿ ಕಾಯದೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಹೊರಗೆ ಗಟ್ಟಿ, ಒಳಗೆ ಪೊಳ್ಳು! ಸೈಲೆನ್ಸರಿನ ಕೆಳಗೆ ನೀರಿಳಿಯುವ ಸಣ್ಣ ರಂಧ್ರವಿದ್ದರೆ ಅದನ್ನು ಮುಚ್ಚಬೇಡಿರಿ. ಮಳೆಗಾಲದಲ್ಲಿ ಅಂಟಿದ ಎರೆಮಣ್ಣನ್ನು ತೊಳೆಯಿರಿ.

ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆಯ ನಂತರ, ಪರೀಕ್ಷಿಸಿರಿ. ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಒಬ್ಬರು ಗಾಡಿ ಚಾಲೂ ಮಾಡಲಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಕೊಳವೆಯ ಬಾಯಿಯನ್ನು ಕ್ಷಣಮಾತ್ರ ಒತ್ತಿ ಹಿಡಿಯಲಿ. ಸುಯ್ಯೆಂದು ಸದ್ದು ಬಂದ ಕಡೆ ಸೋರಿಕೆ ಇದೆ. ಕೀಲುಗಳ ಬಳಿಯ ಕಪ್ಪು ಮಸಿಯೂ ಅದರ ಗುರುತು.

ತುಕ್ಕು ಹಿಡಿದು ತೆಳುವಾದ ತಗಡಿಗೆ ಬೆಸುಗೆ ನಿಲ್ಲದು, ಬದಲಿಸುವುದೇ ಲೇಸು. ತಗಡು ಸುತ್ತಿ ತಂತಿ ಬಿಗಿಯುವುದು ಗ್ಯಾರೇಜಿಗೆ ಹೋಗುವವರೆಗಿನ ಉಪಾಯ ಮಾತ್ರ. ನೀವೇ ಬದಲಿಸುವುದಾದರೆ ಬರೀ ಜಾಕನ್ನು ನಂಬಿ ಕೆಳಗೆ ಹೋಗಬೇಡಿರಿ. ಗಟ್ಟಿ ಆಧಾರ ಕೊಡಿರಿ, ಗಾಲಿಗೆ ಕಲ್ಲಿಡಿರಿ. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಿ. ಗ್ಯಾಸ್ಕೆಟ್, ಕ್ಲಾಂಪು, ತೂಗು ರಬ್ಬರುಗಳು ಹೊಸವಿರಲಿ. ಮೊದಲು ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಕೊಳವೆ ಎಲ್ಲಿಯೂ ತಾಗದಂತೆ ನೋಡಿ, ಬಳಿಕ ಎಂಜಿನ್ ಕಡೆಯಿಂದ ಬಿಗಿಯುತ್ತ ಬನ್ನಿರಿ. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಎರಡು ಎಚ್ಚರಿಕೆಗಳು: ಕಾದ ಗಾಡಿಯನ್ನು ಒಣ ರವದಿಯ ಮೇಲೆ ನಿಲ್ಲಿಸಬಾರದು, ಬೆಂಕಿ ಹತ್ತೀತು. 2019ರ ಆಗಸ್ಟಿನಲ್ಲಿ ಬಂದಂಥ ಮಹಾಪೂರದಲ್ಲಿ ಗಾಡಿ ಮುಳುಗಿದರೆ, ಮೇಸ್ತ್ರಿಗೆ ತೋರಿಸದೆ ಚಾಲೂ ಮಾಡಬಾರದು.

ಬಿಲ್ಲು ತಡವಾದರೂ ಬಂದೀತು. ಹೋದ ಜೀವ ಬಾರದು. ಇಂದು ಸಂಜೆಯೇ ನಿಮ್ಮ ಗಾಡಿಯ ಸದ್ದಿಗೆ ಕಿವಿಗೊಡಿರಿ.